ಕದ್ದ ಚಿತ್ರವನ್ನು ಎಲ್ಲಿಟ್ಟಿದ್ದರು?

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು ಒಂದು ಮಲಗುವ ಕೋಣೆಯ ಬಾಗಿಲಿನಿಂದ ಆರಂಭಿಸುತ್ತೇನೆ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಹಳ್ಳಿಯೊಂದರಲ್ಲಿ ಶಾಲೆಯ ಕೆಲಸದಿಂದ ನಿವೃತ್ತರಾದ ದಂಪತಿ ವಾಸವಾಗಿದ್ದರು. ಇಬ್ಬರೂ ತೀರಿಕೊಂಡ ಮೇಲೆ, 2017ರಲ್ಲಿ, ಅವರ ಮನೆಯ ಸಾಮಾನುಗಳನ್ನು ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು 2,000 ಡಾಲರ್ ಕೊಟ್ಟು ಸಗಟಾಗಿ ಕೊಂಡರು. ಆ ಸಾಮಾನಿನಲ್ಲಿ ಒಂದು ವರ್ಣಚಿತ್ರವಿತ್ತು. ಅದನ್ನು ಮಲಗುವ ಕೋಣೆಯ ಬಾಗಿಲಿನ ಹಿಂದೆ ನೇತುಹಾಕಿದ್ದರು. ಬಾಗಿಲು ತೆರೆದಿದ್ದರೆ ಚಿತ್ರ ಅದರ ಮರೆಯಲ್ಲಿರುತ್ತದೆ. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅಂಗಡಿಗೆ ತಂದಿಟ್ಟಾಗ ಬಂದ ಗಿರಾಕಿಗಳು, ಇದು ಅಮೆರಿಕದ ಹೆಸರಾಂತ ಚಿತ್ರಕಾರ ವಿಲೆಮ್ ಡಿ ಕೂನಿಂಗ್ ಬರೆದದ್ದಿರಬೇಕು ಎಂದರು. ಹುಡುಕಿ ನೋಡಿದರೆ, ಅದು ಅರಿಜೋನಾ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಿಂದ 1985ರ ನವೆಂಬರ್ 29ರಂದು ಕಳುವಾದ ‘ವುಮನ್–ಓಕರ್’.

ಅಂದು ಬೆಳಿಗ್ಗೆ ಒಬ್ಬ ಗಂಡಸು, ಒಬ್ಬ ಹೆಂಗಸು ಮ್ಯೂಸಿಯಂಗೆ ಬಂದಿದ್ದರು. ಹೆಂಗಸು ಕಾವಲುಗಾರನನ್ನು ಮಾತಿಗೆಳೆದಳು. ಗಂಡಸು ಮೇಲೆ ಹೋಗಿ ಬ್ಲೇಡಿನಿಂದ ಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿ, ಸುರುಳಿ ಸುತ್ತಿಕೊಂಡು ಇಳಿದು ಬಂದ. ಚೌಕಟ್ಟಿಗೆ ಅಂಟಿಕೊಂಡು ಉಳಿದಿದ್ದ ಕ್ಯಾನ್ವಾಸಿನ ಅಂಚನ್ನು ಮ್ಯೂಸಿಯಂನವರು ಮೂರು ದಶಕಗಳ ಕಾಲ ಜೋಪಾನ ಮಾಡಿದ್ದರು. ಸಿಕ್ಕ ಚಿತ್ರವನ್ನು ಆ ಅಂಚಿನ ಪಕ್ಕದಲ್ಲಿಟ್ಟಾಗ ಗೆರೆಗೆ ಗೆರೆ ಕೂಡಿತು. ಆ ದಂಪತಿಯೇ ಕದ್ದವರು ಎಂದು ಯಾವ ನ್ಯಾಯಾಲಯವೂ ತೀರ್ಪು ಕೊಟ್ಟಿಲ್ಲ. ಕೊಡುವ ಹೊತ್ತಿಗೆ ಅವರೇ ಇರಲಿಲ್ಲ. ಆದರೆ ಚಿತ್ರ ಮಾತ್ರ ಆ ಬಾಗಿಲಿನ ಹಿಂದೆ ಇತ್ತು. ಯಾರೂ ಅದನ್ನು ಮಾರಲು ಹೊರಟಿರಲಿಲ್ಲ, ಅದಕ್ಕಾಗಿ ಹಣ ಕೇಳಿ ಪತ್ರ ಬರೆದಿರಲಿಲ್ಲ.

ಹಲವು ವರ್ಷಗಳಿಂದ ಇಂಥ ಪ್ರಕರಣಗಳನ್ನು ಓದುತ್ತಾ ಬಂದಿರುವ ನನಗೆ ಒಂದು ಸಂಗತಿ ನಿಧಾನವಾಗಿ ಮನವರಿಕೆಯಾಗಿದೆ. ಏಕೆ ಕದ್ದೆ ಎಂದು ಕಳ್ಳನನ್ನು ಕೇಳಿದರೆ ಅವನು ನ್ಯಾಯಾಲಯಕ್ಕೆ ಒಪ್ಪುವ ಉತ್ತರ ಕೊಡುತ್ತಾನೆ. ಕದ್ದ ಮೇಲೆ ಚಿತ್ರವನ್ನು ಎಲ್ಲಿಟ್ಟಿದ್ದ ಎಂದು ನೋಡಿದರೆ ನಿಜವಾದ ಉತ್ತರ ಸಿಗುತ್ತದೆ. ಆದ್ದರಿಂದ ಇವತ್ತು ಕಳ್ಳರ ಹಿಂದೆ ಹೋಗುವುದಕ್ಕಿಂತ ಚಿತ್ರಗಳ ಹಿಂದೆ ಹೋಗೋಣ.

ಅದಕ್ಕೆ ಮೊದಲು ಒಂದು ತಪ್ಪು ಕಲ್ಪನೆಯನ್ನು ಕಳೆದುಕೊಳ್ಳಬೇಕು. ಎಲ್ಲೋ ಒಬ್ಬ ಕೋಟ್ಯಧಿಪತಿ ಇದ್ದಾನೆ, ಅವನಿಗೆ ನೆಲಮಾಳಿಗೆಯಲ್ಲೊಂದು ಗುಪ್ತ ಗ್ಯಾಲರಿ ಇದೆ, ಅವನ ಅಪ್ಪಣೆಯ ಮೇರೆಗೆ ಕಳ್ಳರು ಇಂಥದ್ದೇ ಚಿತ್ರ ಬೇಕೆಂದು ಕದ್ದು ತರುತ್ತಾರೆ ಎಂದು ನಾವೆಲ್ಲ ಊಹಿಸಿಕೊಂಡಿದ್ದೇವೆ. ಪ್ರಸಿದ್ಧ ಚಿತ್ರಗಳು ಮರಳಿ ಸಿಕ್ಕ ಜಾಗಗಳ ಪಟ್ಟಿಯಲ್ಲಿ ಅಂಥ ನೆಲಮಾಳಿಗೆ ಇಲ್ಲ. ಪೆಟ್ಟಿಗೆ, ಕಪಾಟು, ಕಾರಿನ ಡಿಕ್ಕಿ, ರೈಲು ನಿಲ್ದಾಣದ ಲಗೇಜು ಕೊಠಡಿ, ಗೋಡೆಯ ಪೊಟರೆ ಇವೆ. ಇಟಲಿಯ ಪಿಯಾಚೆಂಜಾದ ಗ್ಯಾಲರಿಯಿಂದ 1997ರಲ್ಲಿ ಮಾಯವಾದ, ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ಚಿತ್ರ 2019ರಲ್ಲಿ ಸಿಕ್ಕಿದ್ದು ಅದೇ ಕಟ್ಟಡದ ಹೊರಗೋಡೆಯ ಗೂಡಿನಲ್ಲಿ, ಬಳ್ಳಿ ಕತ್ತರಿಸುತ್ತಿದ್ದ ತೋಟದ ಕೆಲಸಗಾರನಿಗೆ.

ಹೆಸರಾಂತ ಚಿತ್ರವನ್ನು ಮಾರುವುದು ಅಸಾಧ್ಯ ಎನ್ನುವಷ್ಟು ಕಷ್ಟ. ಕಳುವಾದ ಮರುದಿನ ಅದರ ಫೋಟೊ ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಇಂಟರ್‌ಪೋಲ್‌ನ ದತ್ತಾಂಶದಲ್ಲಿ 50,000ಕ್ಕೂ ಹೆಚ್ಚು ಕಳುವಾದ ಕಲಾಕೃತಿಗಳ ವಿವರವಿದೆ, ಯಾರು ಬೇಕಾದರೂ ನೋಡಬಹುದು. ಹರಾಜು ಸಂಸ್ಥೆಗಳು ಮಾರಾಟಕ್ಕೆ ಮುನ್ನ ಇಂಥ ಪಟ್ಟಿಗಳನ್ನು ತಡಕಾಡುತ್ತವೆ. 2025ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಿಂದ ರಾಜಮನೆತನದ ಒಡವೆಗಳನ್ನು ಕದ್ದವರಿಗೆ ಕಲ್ಲುಗಳನ್ನು ಬಿಡಿಸಿ, ಚಿನ್ನ ಕರಗಿಸುವ ದಾರಿಯಾದರೂ ಇತ್ತು. ಚಿತ್ರಕ್ಕೆ ಆ ದಾರಿ ಇಲ್ಲ. ಅದನ್ನು ಬಿಡಿಸಿದರೆ ಉಳಿಯುವುದು ಹಳೆಯ ಬಟ್ಟೆ, ಒಣಗಿದ ಎಣ್ಣೆ. ಹೆಸರಿಲ್ಲದ ಸಣ್ಣ ಚಿತ್ರಗಳ ಕಥೆ ಬೇರೆ. ಮನೆಗಳಿಂದ, ಚರ್ಚುಗಳಿಂದ ಕದ್ದ ಅಂಥವು ಕೈಯಿಂದ ಕೈಗೆ ದಾಟಿ ಮಾರುಕಟ್ಟೆಯಲ್ಲಿ ಕರಗಿಹೋಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ 2005ರವರೆಗೆ, ಕದ್ದ ಮಾಲೆಂದು ತಿಳಿಯದೆ ಕೊಂಡವನ ಬಳಿ ವಸ್ತು 5 ವರ್ಷ ಉಳಿದರೆ ಅದು ಅವನದೇ ಆಗುತ್ತಿತ್ತು. ಸಾಂಸ್ಕೃತಿಕ ವಸ್ತುಗಳಿಗೆ ಆ ಅವಧಿಯನ್ನು ಈಗ 30 ವರ್ಷ ಮಾಡಿದ್ದಾರೆ. ರೆಂಬ್ರಾಂಟ್, ವರ್ಮೀರ್‌ರಂಥ ಹದಿನೇಳನೆಯ ಶತಮಾನದ ಡಚ್ ದಿಗ್ಗಜರ ಚಿತ್ರಗಳಿಗೆ ಇಂಥ ಕಿಂಡಿಗಳಿಂದಲೂ ಪ್ರಯೋಜನವಿಲ್ಲ. ಅಂಥ ಚಿತ್ರ ಕೈಗೆ ಬಂದ ಮೇಲೆ ಕಳ್ಳನ ಪಾಲಿಗೆ ಅದು ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ.

ಹಾಗಿದ್ದರೂ ಏಕೆ ಕದಿಯುತ್ತಾರೆ? ಎಲ್ಲರಿಗೂ ಗೊತ್ತಿರುವ ಮೊನಾಲಿಸಾಳನ್ನೇ ನೋಡೋಣ. 1911ರ ಆಗಸ್ಟ್ 21, ಸೋಮವಾರ. ಲೂವ್ರ್‌ಗೆ ವಾರದ ರಜೆ. ವಿಂಚೆನ್ಸೊ ಪೆರುಜಿಯಾ ಎಂಬ ಇಟಲಿಯ ಕೆಲಸಗಾರ ಹಿಂದೆ ಅಲ್ಲೇ ಕೆಲಸ ಮಾಡಿದ್ದವನು. ಚಿತ್ರಗಳಿಗೆ ಗಾಜು ಹಾಕುವ ಕೆಲಸದಲ್ಲಿ ಅವನ ಕೈಯೂ ಇತ್ತು. ಕೆಲಸಗಾರರ ಬಿಳಿ ನಿಲುವಂಗಿ ತೊಟ್ಟು ಬಂದು, ಕೊಕ್ಕೆಗಳಿಂದ ಚಿತ್ರವನ್ನು ಇಳಿಸಿ, ಮೆಟ್ಟಿಲ ಬಳಿ ಚೌಕಟ್ಟು ಕಳಚಿಟ್ಟು ಹೊರಟುಹೋದ. ಮೊನಾಲಿಸಾ ಬಟ್ಟೆಯ ಮೇಲಿಲ್ಲ, ಪಾಪ್ಲರ್ ಮರದ ಹಲಗೆಯ ಮೇಲಿದ್ದಾಳೆ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಸುತ್ತಲು ಬಾರದು, ಮಡಚಲು ಬಾರದು. ಅವಳ ಜೀವ ಉಳಿಸಿದ್ದು ಆ ಹಲಗೆ ಎಂದೇ ನಾನು ನಂಬಿದ್ದೇನೆ. ಆಮೇಲಿನ ದಿನಗಳಲ್ಲಿ ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿ ನಿಂತರು. ಸಂಶಯದ ಮೇಲೆ ಕವಿ ಅಪೊಲಿನೇರ್ ಬಂಧನಕ್ಕೊಳಗಾದ, ಪಿಕಾಸೊ ವಿಚಾರಣೆ ಎದುರಿಸಿದ. ಚಿತ್ರ ಮಾತ್ರ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ಯಾರಿಸ್ಸಿನಲ್ಲೇ, ಪೆರುಜಿಯಾನ ಬಾಡಿಗೆ ಕೋಣೆಯ ಪೆಟ್ಟಿಗೆಯಲ್ಲಿತ್ತು.

1913ರ ಡಿಸೆಂಬರ್‌ನಲ್ಲಿ ಅವನು ಅದನ್ನು ಫ್ಲಾರೆನ್ಸಿಗೆ ಒಯ್ದು ಆಲ್ಫ್ರೆಡೊ ಜೆರಿ ಎಂಬ ಕಲಾವ್ಯಾಪಾರಿಗೆ ತೋರಿಸಿ ಸಿಕ್ಕಿಬಿದ್ದ. ನೆಪೋಲಿಯನ್ ಕೊಳ್ಳೆ ಹೊಡೆದು ಒಯ್ದದ್ದನ್ನು ತಾಯ್ನಾಡಿಗೆ ಮರಳಿಸಿದೆ ಎಂದು ನ್ಯಾಯಾಲಯದಲ್ಲಿ ಹೇಳಿದ. ಈ ಚಿತ್ರ ಫ್ರಾನ್ಸಿನ ಅರಸ ಒಂದನೆಯ ಫ್ರಾನ್ಸಿಸ್‌ಗೆ ಸೇರಿದ್ದು ನೆಪೋಲಿಯನ್ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲು. ಇಟಲಿಯ ಜನ ಅವನ ಮಾತಿಗೆ ಮರುಗಿದರು. ಒಂದು ವರ್ಷ ಹದಿನೈದು ದಿನದ ಶಿಕ್ಷೆಯಾಯಿತು, ಅದೂ ಮುಂದೆ ಇಳಿಯಿತು. ದೇಶಪ್ರೇಮ ಪೂರ್ತಿ ಸುಳ್ಳಿರಲಿಕ್ಕಿಲ್ಲ. ಪರದೇಶದಲ್ಲಿ ಕೂಲಿಯಾಗಿ ಅವಮಾನ ಉಂಡವನಿಗೆ ತನ್ನ ನಾಡಿನವಳೊಬ್ಬಳು ಅಲ್ಲಿನ ಅರಮನೆಯಲ್ಲಿ ರಾಣಿಯಂತೆ ನಗುತ್ತಿರುವುದು ಏನೋ ಅನ್ನಿಸಿರಬಹುದು. ಆದರೆ ದೇಶಕ್ಕೆ ಮರಳಿಸಬೇಕೆಂದವನು ಎರಡು ವರ್ಷ ಪೆಟ್ಟಿಗೆಯಲ್ಲಿ ಏಕಿಟ್ಟ? ವ್ಯಾಪಾರಿಯ ಬಳಿಗೆ ಏಕೆ ಹೋದ, ಹಣ ಏಕೆ ಕೇಳಿದ? ದಾರಿ ಕಾಣದೆ ಕುಳಿತಿದ್ದವನ ಪೆಟ್ಟಿಗೆ ಅದು.

ಸರಿಯಾಗಿ ಐವತ್ತು ವರ್ಷಗಳ ಬಳಿಕ, 1961ರ ಆಗಸ್ಟ್ 21ರಂದೇ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಿಂದ ಸ್ಪೇನಿನ ಚಿತ್ರಕಾರ ಗೋಯಾ ಬರೆದ ವೆಲಿಂಗ್ಟನ್ ಡ್ಯೂಕನ ಭಾವಚಿತ್ರ ಹೋಯಿತು. ಹೊರದೇಶಕ್ಕೆ ಹೋಗದಂತೆ ದೇಶ ಅದನ್ನು 1,40,000 ಪೌಂಡಿಗೆ ಆಗಷ್ಟೇ ಉಳಿಸಿಕೊಂಡಿತ್ತು. ಬಡ ವೃದ್ಧರಿಗೆ ಟಿವಿ ಲೈಸೆನ್ಸ್ (ಅಲ್ಲಿ ಟಿವಿ ನೋಡಲು ಹಣ ಕಟ್ಟಿ ಪಡೆಯಬೇಕಾದ ಪರವಾನಗಿ) ಕೊಡಿಸಲು ಆ ಹಣ ಕೊಡಿ ಎಂದು ಪತ್ರ ಬಂತು. 1965ರಲ್ಲಿ ಬರ್ಮಿಂಗ್‌ಹ್ಯಾಮ್ ರೈಲು ನಿಲ್ದಾಣದ ಲಗೇಜು ಕೊಠಡಿಯಲ್ಲಿ ಚಿತ್ರ ಸಿಕ್ಕಿತು. ಕೆಂಪ್ಟನ್ ಬಂಟನ್ ಎಂಬ ನಿವೃತ್ತ ಬಸ್ ಚಾಲಕ ತಾನೇ ಬಂದು ಶರಣಾದ. ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶವಿರಲಿಲ್ಲ ಎಂಬ ವಾದವನ್ನು ಜ್ಯೂರಿ ಒಪ್ಪಿ ಚಿತ್ರದ ಆರೋಪದಿಂದ ಬಿಟ್ಟಿತು. ಮರಳಿ ಬಾರದ ಚೌಕಟ್ಟಿಗಾಗಿ ಮೂರು ತಿಂಗಳು ಜೈಲಾಯಿತು. ಸಾರ್ವಜನಿಕ ಪ್ರದರ್ಶನದಲ್ಲಿರುವ ವಸ್ತುವನ್ನು ಅನುಮತಿಯಿಲ್ಲದೆ ಒಯ್ಯುವುದೇ ಅಪರಾಧ ಎಂಬ ಕಲಮು ಬ್ರಿಟನ್ನಿನ 1968ರ ಕಳ್ಳತನ ಕಾಯ್ದೆಯಲ್ಲಿ ಸೇರಿದ್ದು ಇದಾದ ಮೇಲೆ.

ಇನ್ನೊಬ್ಬನ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಎರಡಾಗಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಗಟ್ಟಲೆ ಜನ ಗಡಿ ದಾಟಿ ಓಡಿ ಬರುತ್ತಿದ್ದಾಗ, ಬೆಲ್ಜಿಯಮ್ಮಿನ ಮಾರಿಯೊ ರೋಯ್‌ಮಾನ್ಸ್ ಎಂಬ 21 ವರ್ಷದ ಹೋಟೆಲ್ ಮಾಣಿ ಆ ನಿರಾಶ್ರಿತರ ದೃಶ್ಯಗಳನ್ನು ನೋಡಿ ತಳಮಳಿಸಿದ. ಸೆಪ್ಟೆಂಬರ್ 23ರಂದು ಬ್ರಸೆಲ್ಸಿನ ಕಲಾಪ್ರದರ್ಶನಕ್ಕೆ ಹೋಗಿ, ಬಾಗಿಲು ಮುಚ್ಚುವವರೆಗೆ ಅಡಗಿ ಕುಳಿತು, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಿಂದ ಎರವಲು ಬಂದಿದ್ದ ವರ್ಮೀರನ ‘ಪ್ರೇಮಪತ್ರ’ವನ್ನು ಗೋಡೆಯಿಂದ ಇಳಿಸಿದ. ಚೌಕಟ್ಟು ಸಮೇತ ಕಿಟಕಿಯಲ್ಲಿ ತೂರಲಿಲ್ಲ. ಜೇಬಿನಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವ ಚಾಕುವಿತ್ತು. ಅದರಿಂದ ಕ್ಯಾನ್ವಾಸನ್ನು ಕತ್ತರಿಸಿ, ಮಡಚಿ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ಮಡಚಿ’ ಎಂದರೆ ಏನು ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಹಳೆಯ ತೈಲಚಿತ್ರ ಎಂದರೆ ಪದರಗಳ ಗೋಡೆ. ಕೆಳಗೆ ನಾರುಬಟ್ಟೆ. ಎಣ್ಣೆ ನೂಲಿಗೆ ಇಳಿಯದಂತೆ ಅದರ ಮೇಲೆ ಅಂಟಿನ ಲೇಪ. ಆಮೇಲೆ ನೆಲಗಟ್ಟಿನ ಬಣ್ಣ, ಅದರ ಮೇಲೆ ಒಂದರ ಮೇಲೊಂದು ಬಣ್ಣದ ಪದರ, ಎಲ್ಲಕ್ಕೂ ಮೇಲೆ ವಾರ್ನಿಷ್. ಹೊಸದಾಗಿದ್ದಾಗ ಬಣ್ಣ ಚರ್ಮದಂತೆ ಬಾಗುತ್ತದೆ. ಮುನ್ನೂರು ವರ್ಷ ಒಣಗಿದ ಮೇಲೆ ಮೊಟ್ಟೆಯ ಸಿಪ್ಪೆಯಷ್ಟು ಪೆಡಸು. ತೀರಾ ಅನಿವಾರ್ಯವಾದರೆ ಸಂರಕ್ಷಕರು ಅದನ್ನು ದಪ್ಪ ಉರುಳೆಗೆ ಬಣ್ಣದ ಮುಖ ಹೊರಗಿರುವಂತೆ ಸಡಿಲವಾಗಿ ಸುತ್ತುತ್ತಾರೆ. ಅವಸರದಲ್ಲಿರುವ ಕಳ್ಳ ಬಣ್ಣ ಕಾಣದಿರಲೆಂದು ಮುಖವನ್ನು ಒಳಗೆ ಮಾಡಿ ಬಿಗಿಯಾಗಿ ಸುತ್ತುತ್ತಾನೆ. ಆಗ ಬಣ್ಣದ ಹೆಕ್ಕಳೆಗಳು ಒಂದಕ್ಕೊಂದು ಒತ್ತಿ, ಎದ್ದು, ಉದುರುತ್ತವೆ. ಮಡಚಿದರಂತೂ ಮಡಿಕೆಯುದ್ದಕ್ಕೂ ಬಣ್ಣ ಪುಡಿಯಾಗುತ್ತದೆ. ‘ಪ್ರೇಮಪತ್ರ’ 44 ಸೆಂಟಿಮೀಟರ್ ಎತ್ತರದ ಚಿಕ್ಕ ಚಿತ್ರ. ಅದರೊಳಗಿನ ಹೆಂಗಸಿನ ಮುಖ ಹೆಬ್ಬೆರಳಿನಷ್ಟು. ಅಂಥದ್ದನ್ನು ಜೇಬಿನಲ್ಲಿಟ್ಟುಕೊಂಡು ಆ ಹುಡುಗ ವಾಹನದಲ್ಲಿ ಕುಳಿತ.

ಆಮೇಲೆ ಕಾಡಿನಲ್ಲಿ ಹೂತಿಟ್ಟ. ಮಳೆ ಬಂತೆಂದು ತೆಗೆದು ತಂದು ತಾನಿದ್ದ ಹೋಟೆಲಿನ ಕೋಣೆಯಲ್ಲಿ ದಿಂಬಿನ ಚೀಲದೊಳಗೆ ಬಚ್ಚಿಟ್ಟ. ನಿರಾಶ್ರಿತರಿಗೆ 20 ಕೋಟಿ ಬೆಲ್ಜಿಯನ್ ಫ್ರಾಂಕ್ ಕೊಡಬೇಕೆಂದು ಒತ್ತಾಯಿಸಿದ. ಪೆಟ್ರೋಲ್ ಬಂಕಿನ ಫೋನಿನಿಂದ ಪತ್ರಿಕೆಯೊಂದಕ್ಕೆ ಮಾತಾಡುತ್ತಿದ್ದಾಗ ಅಲ್ಲಿದ್ದವರ ಕಿವಿಗೆ ಬಿದ್ದು, ಪೊಲೀಸರು ಬೆನ್ನಟ್ಟಿ, ದನದ ಕೊಟ್ಟಿಗೆಯಲ್ಲಿ ಅಡಗಿದ್ದವನನ್ನು ಹಿಡಿದರು. ಅವನನ್ನು ಬಿಡಿ ಎಂದು ಊರೂರುಗಳಲ್ಲಿ ಜನ ಸಹಿ ಸಂಗ್ರಹಿಸಿದರು. ಎರಡು ವರ್ಷದ ಶಿಕ್ಷೆಯಾಯಿತು. ಅವನ ಕಣ್ಣೀರು ನಿಜ. ಹಸಿದ ಮಗುವಿಗಿಂತ ಕ್ಯಾನ್ವಾಸು ದೊಡ್ಡದೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಆ ಮಡಿಕೆಗಳಿಂದ ಯಾವ ಮಗುವಿನ ತಟ್ಟೆಗೂ ಅನ್ನ ಬೀಳಲಿಲ್ಲ. ವರ್ಮೀರನ ಕೈಯಿಂದ ನಮಗೆ ಉಳಿದಿರುವುದು ಮೂವತ್ತೈದರ ಆಸುಪಾಸಿನ ಚಿತ್ರಗಳು. ಅವುಗಳಲ್ಲೊಂದರ ಅಂಚುಗಳು, ಮಡಿಕೆಗಳು ಈಗ ಬೇರೆಯವರು ತುಂಬಿದ ಬಣ್ಣ.

ಅನುಕಂಪದಿಂದ ಕದಿಯುವವರು ವಿರಳ. ಒತ್ತೆಯಾಳಾಗಿ ಕದಿಯುವವರು ಹೆಚ್ಚು. ಐರ್ಲೆಂಡಿನ ರಸ್‌ಬರೋ ಬಂಗಲೆಯ ಕಥೆಯೇ ಸಾಕು. 1974ರ ಏಪ್ರಿಲ್‌ನಲ್ಲಿ ರೋಸ್ ಡಗ್ಡೇಲ್ ಎಂಬ ಹೆಂಗಸು ಮತ್ತು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎಯ ಸಂಗಡಿಗರು ಬಂದೂಕು ಹಿಡಿದು ನುಗ್ಗಿ 19 ಚಿತ್ರಗಳನ್ನು ಒಯ್ದರು. ಬ್ರಿಟನ್ನಿನ ಜೈಲಿನಲ್ಲಿ ಉಪವಾಸ ಕುಳಿತಿದ್ದ ಕೈದಿಗಳನ್ನು ಉತ್ತರ ಐರ್ಲೆಂಡಿಗೆ ವರ್ಗಾಯಿಸಿ ಎಂಬುದು ಬೇಡಿಕೆ. ಕೆಲವೇ ದಿನಗಳಲ್ಲಿ ಹಳ್ಳಿಯ ಬಾಡಿಗೆ ಮನೆಯಲ್ಲಿ, ಕಾರಿನ ಡಿಕ್ಕಿಯಲ್ಲಿ ಚಿತ್ರಗಳು ಸಿಕ್ಕವು. ಅವುಗಳಲ್ಲೊಂದು ವರ್ಮೀರನ ‘ಪತ್ರ ಬರೆಯುತ್ತಿರುವ ಮಹಿಳೆ ಮತ್ತು ಸೇವಕಿ’. ಅದೇ ಬಂಗಲೆಗೆ 1986ರಲ್ಲಿ ಡಬ್ಲಿನ್ನಿನ ಪಾತಕಿ ಮಾರ್ಟಿನ್ ಕ್ಯಾಹಿಲ್‌ನ ತಂಡ ನುಗ್ಗಿತು. ಅದೇ ವರ್ಮೀರ್ ಎರಡನೆಯ ಬಾರಿ ಹೋಯಿತು. 1993ರಲ್ಲಿ ಆಂಟ್‌ವರ್ಪಿನಲ್ಲಿ ಪೊಲೀಸರು ವೇಷ ಮರೆಸಿ ಹಿಡಿಯುವ ಹೊತ್ತಿಗೆ ಅದು ಸಾಲಕ್ಕೆ ಅಡವಾಗಿತ್ತು. ಕದ್ದ ಚಿತ್ರದ ಬದುಕು ಹೆಚ್ಚಾಗಿ ಹೀಗೆಯೇ ಸಾಗುತ್ತದೆ. ಮಾರಾಟವಾಗದ್ದನ್ನು ಪಾತಕಲೋಕ ಒತ್ತೆಯಿಡುತ್ತದೆ.

ಇದೇ ಬಗೆಯ ಇನ್ನೊಂದು ಪ್ರಕರಣ ಆಮ್‌ಸ್ಟರ್‌ಡ್ಯಾಮಿನದು. 2002ರ ಡಿಸೆಂಬರ್‌ನಲ್ಲಿ ಇಬ್ಬರು ಏಣಿ ಹಾಕಿ ವ್ಯಾನ್‌ಗೋ ಮ್ಯೂಸಿಯಂನ ಛಾವಣಿ ಹತ್ತಿ, ಕಿಟಕಿ ಒಡೆದು, ಎರಡು ಚಿತ್ರ ಒಯ್ದರು. ಅವನ್ನೇ ಏಕೆ ಆರಿಸಿಕೊಂಡರು? ಚಿಕ್ಕವು, ನುಗ್ಗಿದ ಕಿಂಡಿಗೆ ಹತ್ತಿರವಿದ್ದವು ಎಂದು ಕಳ್ಳನೇ ಮುಂದೆ ಹೇಳಿಕೊಂಡ. ಬಿಟ್ಟುಹೋದ ಟೋಪಿಯ ಡಿಎನ್‌ಎಯಿಂದ ಕಳ್ಳರು ಸಿಕ್ಕರು, ಚಿತ್ರಗಳು ಸಿಗಲಿಲ್ಲ. ಅವುಗಳನ್ನು ಕೊಂಡವನು ಇಟಲಿಯ ನೇಪಲ್ಸಿನ ಕಮೋರಾ ಎಂಬ ಪಾತಕ ಗುಂಪಿನ ಮಾದಕವಸ್ತು ದಂಧೆಕೋರ ರಫಾಯೆಲೆ ಇಂಪೀರಿಯಾಲೆ. ಗೋಡೆಗೆ ಹಾಕಿ ನೋಡಿ ಸಂತೋಷಪಡಲು ಕೊಂಡವನಲ್ಲ ಅವನು. 2016ರಲ್ಲಿ ಕಾನೂನು ಕುತ್ತಿಗೆಗೆ ಬಂದಾಗ ಅವು ಇಂಥಲ್ಲಿವೆ ಎಂದು ತನಿಖಾಧಿಕಾರಿಗಳಿಗೆ ತಿಳಿಸಿ ರಿಯಾಯಿತಿಯ ದಾರಿ ಹುಡುಕಿದ. ನೇಪಲ್ಸಿನ ಸಮೀಪದ ಮನೆಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಸ್ಥಿತಿಯಲ್ಲಿ ಎರಡೂ ಸಿಕ್ಕವು. ಶೆವೆನಿಂಗೆನ್ ಕಡಲತೀರದ ಚಿತ್ರದ ಎಡಗಡೆಯ ಕೆಳಮೂಲೆಯಲ್ಲಿ 5 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಬಣ್ಣ ಕಿತ್ತುಹೋಗಿತ್ತು. ಬಿರುಗಾಳಿಯಲ್ಲಿ ನಿಂತು ವ್ಯಾನ್‌ಗೋ ಬರೆದ ಚಿತ್ರ ಅದು. ಹಾರಿ ಬಂದ ಮರಳಿನ ಕಣಗಳು ಬಣ್ಣದಲ್ಲಿ ಅಂಟಿಕೊಂಡಿವೆ.

ಮ್ಯೂಸಿಯಂಗಳು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತವೆ ಎಂಬ ಆಸೆಯೂ ಕಳ್ಳರನ್ನು ಎಳೆಯುತ್ತದೆ. ಆ ಆಸೆಗೆ ಆಧಾರವಿಲ್ಲದಿಲ್ಲ. 1994ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಗೆ ಸೇರಿದ, ಇಂಗ್ಲಿಷ್ ಚಿತ್ರಕಾರ ಟರ್ನರ್ ಬರೆದ ಎರಡು ಚಿತ್ರಗಳು ಕಳುವಾದವು. ವಿಮೆಯಿಂದ 2.4 ಕೋಟಿ ಪೌಂಡ್ ಬಂತು. ಟೇಟ್ 80 ಲಕ್ಷ ಪೌಂಡ್ ಕೊಟ್ಟು ವಿಮೆದಾರರಿಂದ ಮಾಲೀಕತ್ವವನ್ನು ಮರಳಿ ಪಡೆಯಿತು. ಬಳಿಕ ಸುಳಿವಿಗೆಂದು ಜರ್ಮನಿಯ ವಕೀಲರೊಬ್ಬರ ಮೂಲಕ ಸುಮಾರು 35 ಲಕ್ಷ ಪೌಂಡ್ ಹೋಯಿತು. 2002ರೊಳಗೆ ಎರಡೂ ಚಿತ್ರ ಮರಳಿದವು. ಕೊಟ್ಟದ್ದು ಸರಿಯೇ? ಚಿತ್ರಗಳು ಸುರಕ್ಷಿತವಾಗಿ ಬಂದವಲ್ಲ ಎಂದು ಸಮಾಧಾನಪಡುವ ನಾನು, ಇದನ್ನು ಓದಿದ ಮುಂದಿನ ಕಳ್ಳನನ್ನು ನೆನೆದು ಕಳವಳಪಡುತ್ತೇನೆ.

ಕಲೆಯನ್ನು ಪ್ರೀತಿಸಿ ಕದಿಯುವವರೇ ಇಲ್ಲವೇ? ಒಬ್ಬನಿದ್ದ. ಫ್ರಾನ್ಸಿನ ಸ್ಟೆಫಾನ್ ಬ್ರೈಟ್‌ವೀಸರ್. 1995ರಿಂದ 2001ರವರೆಗೆ 172 ಮ್ಯೂಸಿಯಂಗಳಿಂದ 239 ಕಲಾಕೃತಿಗಳನ್ನು ಹಾಡಹಗಲೇ ಕದ್ದ. ಆಯುಧವಿಲ್ಲ, ಜೇಬಿನಲ್ಲೊಂದು ಸ್ವಿಸ್ ಚಾಕು, ಕಾವಲಿಗೆ ಗೆಳತಿ. ಆ ವರ್ಷಗಳಲ್ಲಿ ಅವನು ಕದ್ದದ್ದನ್ನು ಮಾರಲಿಲ್ಲ. ಮುಲೂಸ್ ನಗರದ ಹತ್ತಿರ ತಾಯಿಯ ಮನೆಯ ಅಟ್ಟದಲ್ಲಿ ಮಂಚದ ಸುತ್ತ ಜೋಡಿಸಿಕೊಂಡು, ಕಿಟಕಿ ಮುಚ್ಚಿ, ಅವುಗಳ ನಡುವೆ ಮಲಗುತ್ತಿದ್ದ. ನಾನು ಮೊದಲು ಓದಿದಾಗ ಇವನ ಬಗ್ಗೆ ಒಂದು ಬಗೆಯ ಸೆಳೆತವೇ ಹುಟ್ಟಿತ್ತು. 2001ರಲ್ಲಿ ಲೂಸರ್ನ್‌ನಲ್ಲಿ ಅವನು ಸಿಕ್ಕಿಬಿದ್ದ ಮೇಲೆ ತಾಯಿ ಅಟ್ಟವನ್ನು ಖಾಲಿ ಮಾಡಿದಳು. ಬೆಳ್ಳಿ ಪಾತ್ರೆಗಳು, ದಂತದ ಶಿಲ್ಪಗಳು ಕಾಲುವೆಗೆ ಬಿದ್ದವು. ಮುಳುಗುಗಾರರು ನೂರಕ್ಕೂ ಹೆಚ್ಚು ವಸ್ತುಗಳನ್ನು ಮೇಲೆತ್ತಿದರು. ಸುಮಾರು ಅರವತ್ತು ಚಿತ್ರಗಳು ನಾಶವಾದವು. ಮಗನನ್ನು ಉಳಿಸಲು ಹಾಗೆ ಮಾಡಿದಳೋ, ಮಗನ ಮೇಲಿನ ಸಿಟ್ಟಿಗೋ, ಒಂದೊಂದು ಸಲ ಒಂದೊಂದು ಬಗೆಯಲ್ಲಿ ಹೇಳಲಾಯಿತು. ಜೈಲಿನಿಂದ ಹೊರಬಂದ ಮೇಲೂ ಅವನು ಕದ್ದು ಮತ್ತೆ ಸಿಕ್ಕಿಬಿದ್ದ. ಪ್ರೀತಿಸುವವನು ತನ್ನ ಮೆಚ್ಚಿನ ಚಿತ್ರವನ್ನು ಅಷ್ಟು ಸುಲಭವಾಗಿ ಸುಟ್ಟುಹೋಗುವ, ಹರಿದುಹೋಗುವ ಜಾಗದಲ್ಲಿ ಇಡಬಲ್ಲನೇ? ನೂರಾರು ವರ್ಷ ಸಾವಿರಾರು ಕಣ್ಣುಗಳು ನೋಡಿದ್ದನ್ನು ಎರಡೇ ಕಣ್ಣಿಗೆ ಕಟ್ಟಿಹಾಕುವ ಹಪಾಹಪಿಯನ್ನು ಪ್ರೀತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಟ್ಟಕ್ಕಿಂತ ಕೆಟ್ಟ ಜಾಗವೂ ಇದೆ. 2012ರ ಅಕ್ಟೋಬರ್‌ನಲ್ಲಿ ರಾಟರ್‌ಡ್ಯಾಮಿನ ಕುನ್ಸ್ಟ್‌ಹಾಲ್‌ನಿಂದ ರೊಮೇನಿಯಾದ ತಂಡವೊಂದು ಏಳು ಚಿತ್ರ ಕದ್ದಿತು. ಮೊನೆ, ಪಿಕಾಸೊ, ಮಾತೀಸ್, ಗೊಗ್ಯಾಂ ಎಲ್ಲರೂ ಅದರಲ್ಲಿದ್ದರು. ಕೊಳ್ಳುವವರು ಸಿಗಲಿಲ್ಲ. ಕಳ್ಳರಲ್ಲೊಬ್ಬನ ತಾಯಿ, ಸಾಕ್ಷ್ಯ ಉಳಿಯದಿರಲೆಂದು ಹಳ್ಳಿಮನೆಯ ಒಲೆಯಲ್ಲಿ ಎಲ್ಲವನ್ನೂ ಸುಟ್ಟೆ ಎಂದಳು, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡಳು. ತಜ್ಞರು ಆ ಒಲೆಯ ಬೂದಿಯನ್ನು ಜರಡಿ ಹಿಡಿದಂತೆ ಪರೀಕ್ಷಿಸಿದರು. ಕ್ಯಾನ್ವಾಸಿನ ಎಳೆ, ನೆಲಗಟ್ಟಿನ ಬಣ್ಣದ ಚೂರು, ತಾಮ್ರದ ಮೊಳೆ ಸಿಕ್ಕವು. ಕೆಲವು ಮೊಳೆಗಳು ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಿನವು.

ಕಾವಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1994ರ ಫೆಬ್ರುವರಿ 12ರಂದು, ನಾರ್ವೆಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಆರಂಭವಾದ ದಿನ, ಓಸ್ಲೊದಲ್ಲಿ ಇಬ್ಬರು ಏಣಿ ಹತ್ತಿ ಅಲ್ಲಿನ ಚಿತ್ರಕಾರ ಮುಂಕ್‌ನ ಪ್ರಸಿದ್ಧ ‘ಚೀತ್ಕಾರ’ವನ್ನು ಒಂದು ನಿಮಿಷದೊಳಗೆ ಒಯ್ದರು. ನಿಮ್ಮ ಕಳಪೆ ಕಾವಲಿಗೆ ಧನ್ಯವಾದ ಎಂಬ ಚೀಟಿ ಬಿಟ್ಟುಹೋದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎಲ್ಲ ದೇಶಗಳಲ್ಲೂ ನಡೆದಿದೆ.

ಮಾತು ಮುಗಿದಾಗ ಸಭೆಯಿಂದ ಒಂದು ಪ್ರಶ್ನೆ ಬಂತು. “ಸಿಕ್ಕ ಚಿತ್ರಗಳ ಜಾಗ ಹೇಳಿದಿರಿ. ಸಿಗದ ಚಿತ್ರಗಳು?”

ಅದಕ್ಕೆ ಬೋಸ್ಟನ್ನಿನ ಇಸಬೆಲ್ಲಾ ಸ್ಟುವರ್ಟ್ ಗಾರ್ಡ್ನರ್ ಮ್ಯೂಸಿಯಂ ಬಗ್ಗೆ ಹೇಳಿದೆ. 1990ರ ಮಾರ್ಚ್ 18ರ ನಡುರಾತ್ರಿ ಪೊಲೀಸ್ ವೇಷ ತೊಟ್ಟ ಇಬ್ಬರು ಕಳ್ಳರು ಕಾವಲುಗಾರರನ್ನು ಕಟ್ಟಿಹಾಕಿ 81 ನಿಮಿಷ ಒಳಗಿದ್ದರು. 13 ಕೃತಿಗಳು ಹೋದವು. ರೆಂಬ್ರಾಂಟ್ ಬರೆದ ಏಕೈಕ ಕಡಲ ಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿ ಒಯ್ದರು. ಅವನದೇ ಸ್ವಂತ ಭಾವಚಿತ್ರವೊಂದನ್ನು ಗೋಡೆಯಿಂದ ಇಳಿಸಿ, ಕೊನೆಗೆ ಕಪಾಟಿಗೆ ಒರಗಿಸಿ ಬಿಟ್ಟುಹೋದರು. ಅದು ಮರದ ಹಲಗೆಯ ಮೇಲಿತ್ತು. ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್ ಬಹುಮಾನವಿದೆ. ಇಷ್ಟು ವರ್ಷಗಳಲ್ಲಿ ಒಂದು ಚಿತ್ರವೂ ಮರಳಿಲ್ಲ. ಜೋಡಣೆಯನ್ನು ಬದಲಿಸಬಾರದೆಂದು ಮ್ಯೂಸಿಯಂ ಕಟ್ಟಿದ ಗಾರ್ಡ್ನರ್ ಉಯಿಲಿನಲ್ಲಿ ಬರೆದಿದ್ದರಿಂದ ಖಾಲಿ ಚೌಕಟ್ಟುಗಳು ಅಲ್ಲೇ ಇವೆ.

ಹೋದವುಗಳಲ್ಲಿ ವರ್ಮೀರನ ‘ಸಂಗೀತಗೋಷ್ಠಿ’ಯೂ ಒಂದು. ಒಬ್ಬಳು ವಾದ್ಯ ನುಡಿಸುತ್ತಾಳೆ, ಒಬ್ಬಳು ಹಾಡುತ್ತಾಳೆ, ನಡುವೆ ಕುಳಿತ ಗಂಡಸು ನಮಗೆ ಬೆನ್ನು ಮಾಡಿದ್ದಾನೆ. 1892ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಗಾರ್ಡ್ನರ್ ಅದನ್ನು ಕೊಂಡಳು. ನಾನು ಕರವಸ್ತ್ರವನ್ನು ಮುಖಕ್ಕೆ ಹಿಡಿದಿರುವವರೆಗೂ ಕೂಗುತ್ತಲೇ ಇರು ಎಂದು ತನ್ನ ಪ್ರತಿನಿಧಿಗೆ ಹೇಳಿ, ಚಿತ್ರ ತನ್ನದಾಗುವವರೆಗೂ ಕರವಸ್ತ್ರವನ್ನು ಕೆಳಗಿಳಿಸಲಿಲ್ಲ. ಮನೆಗೆ ತಂದು ಕಿಟಕಿಯ ಪಕ್ಕ, ಮೇಜಿನ ಮೇಲೆ, ಬೆಳಕು ಬೀಳುವಂತೆ ಇಟ್ಟಳು. ಕುಳಿತು ನೋಡಲೆಂದು ಎದುರಿಗೊಂದು ಕುರ್ಚಿ ಹಾಕಿಸಿದಳು. ಕುರ್ಚಿ ಈಗಲೂ ಅಲ್ಲಿದೆ.